ಕಾರ್ಬನ್ ಚಾಸಿ, ಒಂದು ವರ್ಷದ ಮೇಲೆ: ಕಲ್ಲು ಹತ್ತುತ್ತೆ, ಸ್ಕ್ರೂ ತಿನ್ನುತ್ತೆ

ರಿಮೋಟಿನಲ್ಲಿ ಓಡಿಸುವ, ಬಂಡೆ ಹತ್ತುವ ಪುಟ್ಟ ಗಾಡಿ ಆಕ್ಸಿಯಲ್ ಎಸ್‌ಸಿಎಕ್ಸ್10 ಟೂ ಕ್ರಾಲರ್‌ಗೆ ಹಾಕುವ ತಗ್ಗು ಕಾರ್ಬನ್ ಫೈಬರ್ ಚಾಸಿ, ಅಂದರೆ ಅಡಿಯ ಚೌಕಟ್ಟು, ಇದು. ಅಳತೆ, ತೂಕ ಎಲ್ಲ ಡಬ್ಬದ ಮೇಲೇ ಇದೆ, ಮತ್ತೆ ಬರೆಯೋದು ಬೇಡ. ಪಾಂಡವಪುರದ ಕುಂತಿಬೆಟ್ಟದ ಬಂಡೆಗಳ ಮೇಲೆ ಒಂದು ವರ್ಷ ಓಡಿದ ಗಾಡಿಯ ಲೆಕ್ಕ ಅಂದುಕೊಳ್ಳಿ. ಹೇಳಬೇಕಾದ್ದು ಹೆಚ್ಚೂಕಮ್ಮಿ ಹೊಟ್ಟೆಯಡಿಯ ಆರು ಸ್ಕ್ರೂಗಳ ಬಗ್ಗೆ.

ಮೊದಲು ಒಳ್ಳೇದು. ಹಳೇ ಉಕ್ಕಿನ ಸಿ-ಚಾನೆಲ್ ಹಳಿಗಳ ಮೇಲೆ ಬ್ಯಾಟರಿ ಎತ್ತರದಲ್ಲಿ ಕೂತಿರುತ್ತಿತ್ತು. ಅಡ್ಡ ಇಳಿಜಾರು ಬಂದರೆ ಗಾಡಿ ಎಮ್ಮೆ ಮಗ್ಗುಲಾದ ಹಾಗೆ ಹೊರಳುತ್ತಿತ್ತು. ಈಗ ಬ್ಯಾಟರಿ, ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) ಎರಡೂ ಕೆಳಗಿಳಿದಿವೆ, ಬ್ಯಾಟರಿ ಮುಂದಿನ ಆಕ್ಸಲ್ ಕಡೆ ಸರಿದಿದೆ. ಮೂತಿ ಎತ್ತಿ ಹಿಂದಕ್ಕೆ ಮಗುಚುತ್ತಿದ್ದ ಕಲ್ಲನ್ನೇ ಈಗ ತಬ್ಬಿಕೊಂಡು ಹತ್ತುತ್ತೆ. ದುಡ್ಡು ಕೊಟ್ಟಿದ್ದು ಇದಕ್ಕೇ, ಇದರಲ್ಲಿ ಮೋಸ ಇಲ್ಲ.

ಆದರೆ ಹೊಟ್ಟೆ ತಗ್ಗಿದ ಮೇಲೆ ಹೊಟ್ಟೆಯೇ ಕಲ್ಲಿಗೆ ಉಜ್ಜಬೇಕು. ಹೊಟ್ಟೆಯಡಿಯ ಸ್ಕಿಡ್ ಪ್ಲೇಟ್ ಡೆಲ್ರಿನ್ ಅನ್ನೋ ನುಣುಪು ಗಟ್ಟಿ ಪ್ಲಾಸ್ಟಿಕ್ಕಿನದು, ಜಾರುತ್ತೆ, ಸವೆದರೂ ಚಿಂತೆಯಿಲ್ಲ. ಅದನ್ನು ಅಲ್ಯುಮಿನಿಯಂ ಅಡ್ಡಪಟ್ಟಿಗೆ ಹಿಡಿದಿರುವ ಎಂ3 (3 ಮಿ.ಮೀ. ದಪ್ಪದ) ಸ್ಕ್ರೂಗಳದ್ದೇ ಗೋಳು. ಚಪ್ಪಟೆ ತಲೆಯ ಎಂ3ಗೆ 2 ಮಿ.ಮೀ. ಅಲೆನ್ ಕೀ (ಆರು ಮೂಲೆಯ ಕೀಲಿ), ಅದು ಕೂರುವ ಕುಳಿ ತೀರಾ ಆಳವಿಲ್ಲ. ಉದ್ದ ತಲೆಯ ಎಂ3ಗಾದರೆ 2.5 ಕೀ ಕೂರುತ್ತೆ, ಅದು ಇಲ್ಲಿ ಆಗೋಲ್ಲ. ನಮ್ಮ ಗ್ರಾನೈಟಿನಲ್ಲಿ ಬೆಣಚಿನ ಕಣ ಇರುತ್ತೆ, ಅದು ಸ್ಕ್ರೂಗಿಂತ ಗಟ್ಟಿ. ತಲೆ ಸವೆದು ಕುಳಿಯ ಅಂಚು ತೆಳುವಾಗುತ್ತೆ, ಒಳಗೆ ಪುಡಿ ತುಂಬುತ್ತೆ, ಕೀ ಅರ್ಧವೇ ಇಳಿಯುತ್ತೆ, ತಿರುಗಿಸಿದರೆ ಮೂಲೆ ಕರಗಿ ಗುಂಡಗಾಗುತ್ತೆ. ಕಿಟ್ ಜೊತೆ ಬಂದದ್ದು ಮೆತ್ತನೆಯ ಸ್ಟೇನ್‌ಲೆಸ್ ಸ್ಕ್ರೂ. ಇಷ್ಟು ಬೆಲೆಯ ಪ್ಲೇಟಿಗೆ ಇಂಥ ಸ್ಕ್ರೂ ಕೊಡೋದು ರೇಷ್ಮೆ ಸೀರೆಗೆ ಗೋಣಿದಾರದ ಹೊಲಿಗೆ ಹಾಕಿದ ಹಾಗೆ.

ಹಾಕುವ ಮೊದಲೇ ಇವನ್ನು ಎಸೆದು 12.9 ಗ್ರೇಡಿನ ಗಟ್ಟಿ ಉಕ್ಕಿನ ಕಪ್ಪು ಸ್ಕ್ರೂ ತನ್ನಿ. ತುಕ್ಕು ಹಿಡಿಯುತ್ತೆ ನಿಜ, ಒಂದು ಹನಿ ಎಣ್ಣೆಗೆ ಸುಮ್ಮನಾಗುತ್ತೆ. ಜೊತೆಗೆ 90 ಡಿಗ್ರಿ ಕೌಂಟರ್‌ಸಿಂಕ್ ಬಿಟ್ (ತೂತಿನ ಬಾಯಿ ಅಗಲಿಸುವ ಮೊನೆ) ಹಿಡಿದು, ಡ್ರಿಲ್ ಬೇಡ, ಕೈಯಲ್ಲೇ ತಿರುಗಿಸಿ ಸ್ಕಿಡ್‌ನ ತೂತುಗಳನ್ನು ಅರ್ಧ ಮಿ.ಮೀ. ಆಳ ಮಾಡಿ. ತಲೆ ಸ್ಕಿಡ್‌ನ ಮಟ್ಟಕ್ಕಿಂತ ಒಳಗಿದ್ದರೆ ಕಲ್ಲು ಡೆಲ್ರಿನ್ ಮೇಲೇ ಓಡುತ್ತೆ. ಮೇಲುಗಡೆ ಸ್ಕ್ರೂ ತುದಿಯೂ ಅಷ್ಟೇ ಹೆಚ್ಚು ಹೊರಬರುತ್ತೆ, ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಹೋಗುವ ಡ್ರೈವ್‌ಶಾಫ್ಟಿಗೆ ತಾಗದ ಹಾಗೆ ನೋಡಿಕೊಳ್ಳಿ.

ಬಿಚ್ಚುವಾಗ ಆಕ್ಸಲ್ ಮುಟ್ಟಬೇಡಿ. ಶಾಕ್‌ನ ಮೇಲಿನ ತುದಿ, ಆಕ್ಸಲ್ಲನ್ನು ಹಿಡಿದಿರುವ ಲಿಂಕ್ ಕಡ್ಡಿಗಳ ಚಾಸಿ ಕಡೆಯ ತುದಿ, ಡ್ರೈವ್‌ಶಾಫ್ಟ್, ಇಷ್ಟು ಬಿಚ್ಚಿದರೆ ಗೇರ್‌ಬಾಕ್ಸ್ ಸ್ಕಿಡ್ ಸಮೇತ ಕೈಗೆ ಬರುತ್ತೆ. ಸ್ಕ್ರೂ ಇಡೋಕೆ ಇಡ್ಲಿ ತಟ್ಟೆಗಿಂತ ಒಳ್ಳೇದು ಇನ್ನೊಂದಿಲ್ಲ: ಒಂದು ಕುಳಿಗೆ ಒಂದು ಜಾಗದ ಸ್ಕ್ರೂ. ಕಾರ್ಬನ್ ಅಂಚನ್ನು ಮಾಸ್ಕ್ ಕಟ್ಟಿಕೊಂಡು 400 ನಂಬರ್ ನೀರಿನ ಉಪ್ಪುಕಾಗದದಲ್ಲಿ ಒದ್ದೆಯಾಗೇ ಉಜ್ಜಿ. ಒಣಗಿದ ಮೇಲೆ ಅಂಚಿಗೆ ತೆಳ್ಳಗೆ ಫೆವಿಕ್ವಿಕ್ ಸವರಿದರೆ ಪದರ ಬಿಡೋಲ್ಲ. ಜೋಡಿಸುವಾಗ ಎಲ್ಲ ಸ್ಕ್ರೂ ಒಂದು ಸುತ್ತು ಸಡಿಲ ಇಟ್ಟು, ಅಡುಗೆಮನೆ ಕಟ್ಟೆಯ ಮೇಲೆ ನಿಲ್ಲಿಸಿ ನಾಲ್ಕೂ ಚಕ್ರ ಕೂತಿವೆಯಾ ನೋಡಿ, ಆಮೇಲೆ ಎದುರುಬದುರು ಬಿಗಿ ಮಾಡಿ. ಸ್ಕ್ರೂ ಸಡಿಲಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕ್ ಅಂಟು ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ. ಪ್ಲಾಸ್ಟಿಕ್ಕಿಗೆ ಹೋಗುವ ಹಳೇ ಸ್ಕ್ರೂ ಮೊದಲು ಹಿಂದಕ್ಕೆ ತಿರುಗಿಸಿ, "ಟಕ್" ಅಂತ ಹಳೇ ದಾರಿಗೆ ಬಿದ್ದ ಮೇಲೆ ಮುಂದಕ್ಕೆ.

ಇನ್ನೆರಡು ವಿಷಯ ಕೈಪಿಡಿಯಲ್ಲಿ ಇಲ್ಲ. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತೆ. ಬ್ಯಾಟರಿ ತಂತಿ ಅಂಚಿಗೆ ಉಜ್ಜಿ ಸಿಪ್ಪೆ ಹೋದರೆ ಶಾರ್ಟ್, ಅದಕ್ಕೆ ತಂತಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸಿ. ಅದೇ ಕಾರ್ಬನ್ ಸಿಗ್ನಲ್ಲನ್ನೂ ತಡೆಯುತ್ತೆ. 2.4 ಗಿಗಾಹರ್ಟ್ಸ್ ರಿಸೀವರಿನ ಆಂಟೆನಾದ ಕೊನೆಯ 31 ಮಿ.ಮೀ. ಹೊದಿಕೆಯಿಲ್ಲದ ಭಾಗ ಪ್ಲೇಟಿಗಿಂತ ಮೇಲೆ, ಪ್ಲಾಸ್ಟಿಕ್ ಕೊಳವೆಯಲ್ಲಿ ನೆಟ್ಟಗಿರಬೇಕು.

ಹೀಗೆಲ್ಲ ಮಾಡಿದ ಮೇಲೆ ಸಿಟ್ಟು ಇಳಿಯುತ್ತೆ. ಉಳಿಯೋದು ಸಂಜೆಯ ಒಂದು ಸಣ್ಣ ಕೆಲಸ, ಅದು ನಿಜಕ್ಕೂ ಹಿತ. ಗಾಡಿ ಮಗುಚಿ ಹಳೇ ಟೂತ್‌ಬ್ರಷ್‌ನಲ್ಲಿ ಸ್ಕಿಡ್ ಉಜ್ಜಿ, ಗುಂಡುಸೂಜಿಯಲ್ಲಿ ಆರೂ ಕುಳಿಯ ಪುಡಿ ಕೆದಕಿ, ಉರಿಯುವ ಮೇಣದಬತ್ತಿಯಿಂದ ಒಂದೊಂದು ಹನಿ ಬಿಡಿ. ಮೇಣ ಗಟ್ಟಿಯಾದರೆ ಮುಂದಿನ ಸಲ ಪುಡಿಗೆ ಜಾಗವಿಲ್ಲ, ಬಿಚ್ಚುವಾಗ ಸೂಜಿ ಚುಚ್ಚಿದರೆ ಬಿರಡೆ ಹಾಗೆ ಎದ್ದು ಬರುತ್ತೆ. ಐದು ನಿಮಿಷದ ಮಾತು.

ಅಷ್ಟಾಗಿಯೂ ಒಂದು ಸ್ಕ್ರೂ ಕುಳಿ ಗುಂಡಗಾದರೆ ಟಿ8 ಟಾರ್ಕ್ಸ್ (ನಕ್ಷತ್ರದ ಆಕಾರದ) ಬಿಟ್ಟನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಕೂರಿಸಿ ತಿರುಗಿಸಿ. ಅದೂ ಜಾರಿದರೆ 3 ಮಿ.ಮೀ. ಡ್ರಿಲ್ಲಿನಲ್ಲಿ ತಲೆ ಮಾತ್ರ ಹಾರಿಸಿ, ಸ್ಕಿಡ್ ಎತ್ತಿ, ಉಳಿದ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ತೆಗೆಯಿರಿ.

ಹೊಸದಾಗಿ ಶುರು ಮಾಡಿದವರು ಈ ದುಡ್ಡಿಗೆ ಮೊದಲು ಇನ್ನೊಂದು ಲೈಪೋ ಬ್ಯಾಟರಿ ತಗೊಳ್ಳಿ. ಇರುವ ಬ್ಯಾಟರಿಯನ್ನು ಹಳೇ ಚಾಸಿಯಲ್ಲೇ ಆದಷ್ಟು ಮುಂದೆ, ತಗ್ಗಿಗೆ ಕಟ್ಟಿ ನೋಡಿ. ಇದೇ ಚಾಸಿ ತಗೊಳ್ಳುವವರು ಸ್ಕ್ರೂ ಪ್ಯಾಕೆಟ್ಟಿನ ದುಡ್ಡನ್ನೂ ಇದರ ಬೆಲೆಗೇ ಸೇರಿಸಿಕೊಳ್ಳಿ.