ನೀರಿನ ರಾಕೆಟ್ಟೋ, ಮದ್ದಿನ ರಾಕೆಟ್ಟೋ?

ಹವ್ಯಾಸಕ್ಕೆ ಹಾರಿಸುವ ಪುಟ್ಟ ಮಾಡೆಲ್ ರಾಕೆಟ್ ಅಂದ ಕೂಡಲೇ ಎಲ್ಲರೂ ಕೇಳುವುದು, ಯಾವುದು ಜಾಸ್ತಿ ಮೇಲೆ ಹೋಗುತ್ತೆ ಅಂತ. ಮದ್ದಿನದೇ, ಅನುಮಾನ ಬೇಡ. ಆದರೂ ಸಿಂಧನೂರಿನಲ್ಲಿ ನಾನು ಹಾರಿಸುವುದು ನೀರಿನದು.

ಮದ್ದಿನದು ಹಾರಿಸಿದ್ದು ಅಮೆರಿಕದಲ್ಲಿ ಕೆಲಸಕ್ಕಿದ್ದಾಗ. ಅಲ್ಲಿ ಎಸ್ಟೆಸ್ ಕಂಪನಿಯ ಮೋಟಾರು, ಅಂದರೆ ರಾಕೆಟ್ಟನ್ನು ಮೇಲಕ್ಕೆ ತಳ್ಳುವ ಮದ್ದಿನ ಕೊಳವೆ, ಅಂಗಡಿಯಲ್ಲೇ ಸಿಗುತ್ತದೆ. ರಟ್ಟಿನ ಕೊಳವೆ, ಒಳಗೆ ಒತ್ತಿ ತುಂಬಿದ ಕರಿಮದ್ದು, ಮೇಲೆ 'ಸಿ6-5' ಅಂತ ಅಚ್ಚು. 'ಸಿ' ಅನ್ನುವುದು ಮೋಟಾರು ಒಟ್ಟಾರೆ ಎಷ್ಟು ತಳ್ಳುತ್ತದೆ (ಬಲ, ಅದು ಇರುವ ಹೊತ್ತು ಎರಡೂ ಸೇರಿ) ಅನ್ನುವುದರ ವರ್ಗ. ಅಕ್ಷರ ಒಂದು ಮುಂದೆ ಹೋದರೆ ಮಿತಿ ಎರಡು ಪಟ್ಟು. 6 ಅಂದರೆ ಸರಾಸರಿ 6 ನ್ಯೂಟನ್ ಬಲ. ಮದ್ದು ಉರಿದು ಮುಗಿದು 5 ಸೆಕೆಂಡಿಗೆ ಒಳಗೇ ಸಣ್ಣದಾಗಿ ಸಿಡಿದು ಪ್ಯಾರಾಚೂಟ್ ಹೊರಬರುತ್ತದೆ. ಹಗುರ ರಾಕೆಟ್ಟಾದರೆ 300 ಮೀಟರ್ ಹತ್ತಿರ ಹೋಗುತ್ತದೆ. ಗುಂಡಿ ಒತ್ತಿದ ತಕ್ಷಣ 'ಸುಂಯ್' ಅಂತ ಏಳುತ್ತದಲ್ಲ, ಆ ಮಜಾ ನೀರಿನದರಲ್ಲಿ ಖಂಡಿತ ಇಲ್ಲ.

ಅಲ್ಲಿ ನಿಯಮಗಳೂ ಅಷ್ಟೇ ಬಿಗಿ. ಬೆಂಕಿಕಡ್ಡಿ ಗೀರುವ ಹಾಗಿಲ್ಲ, ಕರೆಂಟಿನಿಂದಲೇ ಹೊತ್ತಿಸಬೇಕು. ಸಣ್ಣ ಮೋಟಾರಿಗೂ 5 ಮೀಟರ್ ದೂರ ನಿಲ್ಲಬೇಕು. ಹತ್ತದಿದ್ದರೆ ಹೊತ್ತಿಸುವ ಸ್ವಿಚ್ಚಿನ ಕೀ ಕಿತ್ತು 60 ಸೆಕೆಂಡ್ ಕಾಯಬೇಕು. ಸುತ್ತ ಒಣಹುಲ್ಲು ಇರಬಾರದು. ನಮ್ಮ ಕಡೆ ಕಷ್ಟ ಇದೇ. ಭತ್ತ ಕೊಯ್ದ ಗದ್ದೆ ತುಂಬ ಒಣ ಕೂಳೆ, ಪಕ್ಕದಲ್ಲೇ ಯಾರದೋ ಹುಲ್ಲಿನ ಬಣವಿ. ಕಿಡಿ ಬಿದ್ದರೆ ರೈತನಿಗೆ ಏನು ಹೇಳ್ತೀರಿ? ಅಮೆರಿಕದಿಂದ ಮೋಟಾರು ತರೋಣ ಅಂದರೆ ವಿಮಾನಕ್ಕೆ ಹತ್ತಿಸುವುದೂ ಇಲ್ಲ.

ನೀರಿನದಕ್ಕೆ ಬೇಕಾಗಿದ್ದು ಕೂಲ್‌ಡ್ರಿಂಕ್ ಬಾಟಲಿ, ಸೈಕಲ್ ಪಂಪು, ಬಾಯಿಗೆ ಬಿಗಿಯಾದ ಬಿರಡೆ, ಅದರೊಳಗೆ ತೂರಿಸಲು ಸೈಕಲ್ ಟ್ಯೂಬಿನ ವಾಲ್. ಮೂರರಲ್ಲಿ ಒಂದು ಪಾಲು ನೀರು ಸಾಕು. ಬಾಟಲಿ ಮೇಲೇಳುವುದು ನೀರು ಕೆಳಕ್ಕೆ ಚಿಮ್ಮುವ ಬಲಕ್ಕೆ. ನೀರು ಜಾಸ್ತಿಯಾದರೆ ಅದನ್ನು ತಳ್ಳುವ ಗಾಳಿಗೆ ಜಾಗ ಇರಲ್ಲ. ಬಾಟಲಿಯನ್ನು ಬಾಯಿ ಕೆಳಗಾಗಿ ನಿಲ್ಲಿಸಿ ಗಾಳಿ ಹೊಡೆಯುತ್ತಿದ್ದಂತೆ ಒಳಗೆ ಗುಳ್ಳೆ ಏಳುತ್ತವೆ, ಬಾಟಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಬಿರಡೆಯ ಅಂಚಲ್ಲಿ ನೀರು ಜಿನುಗುತ್ತದೆ. ಆಮೇಲೆ ಒಂದೇ ಏಟಿಗೆ 'ಭುಸ್'! ಪಂಪು ಹಿಡಿದವನಿಗೆ ಪೂರ್ತಿ ಸ್ನಾನ. ಏಪ್ರಿಲ್ ಬಿಸಿಲಲ್ಲಿ ಅದಕ್ಕೇ ಹುಡುಗರು ಪಾಳಿ ಹಚ್ಚುತ್ತಾರೆ.

ಬೆಂಕಿ ಇಲ್ಲ ಅಂತ ಸಲೀಸಾಗಿ ತಗೋಬೇಡಿ. ಕುಡಿಯುವ ನೀರಿನ ಬಾಟಲಿ ತೆಳು, ಒಡೆಯುತ್ತದೆ. ಸೋಡಾ, ಕೋಲಾ ತುಂಬಿದ್ದೇ ಆಗಬೇಕು. ಗೀರು ಬಿದ್ದದ್ದು, ಬಿಳಿಚಿಕೊಂಡದ್ದು, ಬಿಸಿಲಲ್ಲಿ ಕಾದದ್ದು ಬೇಡ. ಗಾಳಿ ತುಂಬಿದ ಬಾಟಲಿ ಮೇಲೆ ಯಾರೂ ಬಗ್ಗಬಾರದು. ಪಂಪಿನ ಪೈಪು ಉದ್ದ ಇದ್ದಷ್ಟೂ ಒಳ್ಳೆಯದು. ಪ್ಯಾರಾಚೂಟ್ ಇಲ್ಲದ್ದು ಮೂತಿ ಕೆಳಗಾಗಿ ಬೀಳುತ್ತದೆ, ಹಾಗಾಗಿ ತುದಿಗೆ ಸ್ಪಂಜಿನ ಚೆಂಡೇ ಇರಲಿ.

ಸಕ್ಕರೆ ಗಿಕ್ಕರೆ ಕಲಸಿ ಮನೆಯಲ್ಲೇ ಮದ್ದು ಮಾಡೋದನ್ನು ಮೂರನೇ ದಾರಿ ಅಂತ ಮೊಬೈಲಲ್ಲಿ ತೋರಿಸುತ್ತಾರೆ. ಅದನ್ನು ನಾನು ಹೋಲಿಕೆಗೇ ತಗೊಳ್ಳಲ್ಲ. ಬೆರಳು ಹೋಗುತ್ತವೆ.

ಶಾಲೆ ಮಕ್ಕಳಿಗಾದರೆ ನೀರಿನದೇ. ಕಾರ್ಖಾನೆಯ ಮೋಟಾರು, ಕಾನೂನು ಪ್ರಕಾರ ಬೇಕಾದ ಅನುಮತಿ ಎರಡೂ ಇದ್ದು ಎತ್ತರವೇ ಬೇಕು ಅನ್ನುವವರು ಭತ್ತದ ಗದ್ದೆ ಬಿಡಿ. ಕೂಳೆ ಕಿತ್ತು, ಉತ್ತು ಬಿಟ್ಟಿರುವ ಎರೆ ಹೊಲ ನೋಡಿ. ಗಾಳಿ ಏಳುವ ಮುಂಚೆ ಬೆಳಿಗ್ಗೆಯೇ ಹೋಗಿ. ಪಂಪ್‌ಸೆಟ್ಟಿನ ತಂತಿ ಎಲ್ಲಿ ಹಾದಿದೆ ಅಂತ ಮೊದಲೇ ನೋಡಿಕೊಳ್ಳಿ.