ಗಾಂಧಿ (1982) ಡಿವಿಡಿ: ಕಸ್ತೂರಬಾ ಸೀನ್‌ಗೆ ಫುಲ್ ಮಾರ್ಕ್ಸ್, ಆದ್ರ ಅಂಬೇಡ್ಕರ್ ಎಲ್ಲಿ?

ಪುಣೆದಾಗ ನಮ್ಮ ಮನಿ ಹತ್ರ ಹಳೇ ಪುಸ್ತಕ, ಸಿಡಿ ಮಾರೂ ಅಂಗಡ್ಯಾಗ 'ಗಾಂಧಿ' ಸಿನಿಮಾದ ಡಿವಿಡಿ ಸಿಕ್ತು, ತಗೊಂಡೆ. ಪ್ರಿಂಟ್ ಚೊಲೊ ಐತಿ, ಆಡಿಯೋನೂ ಕ್ಲಿಯರ್, ಸಬ್‌ಟೈಟಲ್ ಮಾತ್ರ ಇಂಗ್ಲಿಷ್ ಒಂದ ಇರೂದು, ಅದಕ್ಕ ನಮ್ಮವ್ವಗ ಬಾಜೂಕ ಕುಂತು ನಾನ ಕನ್ನಡದಾಗ ಹೇಳ್ಕೋತ ಹೋಗಬೇಕಾತು. 191 ನಿಮಿಷದ ಸಿನಿಮಾ, ಎರಡು ರಾತ್ರಿ ಹಿಡೀತು.

ಬೆನ್ ಕಿಂಗ್ಸ್ಲಿ ಅರ್ಧ ತಾಸಿನಾಗ ಗಾಂಧೀಜಿನ ಆಗಿಬಿಡ್ತಾರ, ಅದರ ಬಗ್ಗೆ ಎಲ್ಲಾರೂ ಹೇಳ್ಯಾರ. ನನಗ ಮನಸ್ಸಿಗೆ ಹತ್ತಿದ್ದು ದಕ್ಷಿಣ ಆಫ್ರಿಕಾದ ಆಶ್ರಮದ ಸೀನ್. ಪಾಯಖಾನಿ ಸ್ವಚ್ಛ ಮಾಡೂ ಪಾಳೆ ಬಂದಾಗ ಕಸ್ತೂರಬಾ ಒಲ್ಲೆ ಅಂತಾರ, ಗಾಂಧೀಜಿ ಸಿಟ್ಟಿಗೆದ್ದು ಆಕಿನ್ನ ಎಳ್ಕೊಂಡು ಹೊರಗ ಹಾಕಾಕ ಹೋಗ್ತಾರ, ಆಮ್ಯಾಲ ನಾಚಿಕಿ ಬಂದು ತಪ್ಪಾತು ಅಂತಾರ. ಇದನ್ನ ಗಾಂಧೀಜಿನ ಆತ್ಮಕಥಿಯೊಳಗ ಬರದಾರ, ನಡದದ್ದು ಡರ್ಬನ್ ಮನ್ಯಾಗ, ಸಿನಿಮಾದವರು ಆಶ್ರಮಕ್ಕ ಒಯ್ದಾರ, ಒಯ್ಯಲಿ, ಅಷ್ಟು ಬದಲಿ ನಡೀತೈತಿ. ಹೆಂಡತಿ ಮುಂದ ಸೋತ ಆ ಮನಷ್ಯಾನ್ನ ನೋಡಿದ ಮ್ಯಾಲನ ನಮ್ಮವ್ವಗ ಅವರು ನಮ್ಮ ಮನ್ಯಾವ್ರ ಹಂಗ ಅನಸಾಕ ಹತ್ತಿದ್ರು. ಕಸ್ತೂರಬಾ ಆಗಿದ್ದು ರೋಹಿಣಿ ಹಟ್ಟಂಗಡಿ, ನಮ್ಮ ಪುಣೆದಾಗ ಹುಟ್ಟಿದಾಕಿ, ಬಾಯಿ ಬಿಡದ ಕಣ್ಣಾಗ ಎಲ್ಲಾ ಹೇಳತಾಳ.

ಬಾ, ಅಂದ್ರ ಕಸ್ತೂರಬಾ, ಸಾಯೂ ಸೀನ್ ನೋಡಿ ಅವ್ವ ಅತ್ತಳು. ಮುಂದಿನ ಐತವಾರ ಆಗಾ ಖಾನ್ ಪ್ಯಾಲೇಸ್‌ಗೆ ಕರಕೊಂಡು ಹೋದೆ, 1944ರ ಫೆಬ್ರವರಿ 22ಕ್ಕ ಬಾ ಹೋಗಿದ್ದು ಅಲ್ಲೇ ಕೈದಿನ್ಯಾಗ. ಆಕಿ ಸಮಾಧಿ ಬಾಜೂಕ ಇನ್ನೊಂದು ಐತಿ, ಇದು ಯಾರದು ಅಂತ ಅವ್ವ ಕೇಳಿದಳು. ಮಹಾದೇವ ದೇಸಾಯಿ, 25 ವರ್ಷ ಗಾಂಧೀಜಿ ಸೆಕ್ರೆಟರಿ ಆಗಿದ್ದವರು, 1942ರ ಆಗಸ್ಟ್ 9ಕ್ಕ ಹಿಡದು ತಂದ್ರು, 15ಕ್ಕ ತೀರಿಕೊಂಡ್ರು. ಮೂರು ತಾಸಿಗಿಂತ ಜಾಸ್ತಿ ಸಿನಿಮಾ ನೋಡಿಯೂ ಅವ್ವನ ತಲ್ಯಾಗ ಆ ಹೆಸರು ಉಳಿದಿರಲಿಲ್ಲ.

ಅವರಾದ್ರೂ ಸಿನಿಮಾದಾಗ ಸಣ್ಣದಾಗಿ ಅದಾರ, ಅಂಬೇಡ್ಕರ್ ಅಂತೂ ಒಂದು ಸೀನ್‌ನ್ಯಾಗೂ ಇಲ್ಲ. ಅದ ಪ್ಯಾಲೇಸ್‌ನಿಂದ ಯೆರವಡಾ ಜೈಲು ಎಷ್ಟು ದೂರ, ರಿಕ್ಷಾದಾಗ ಹತ್ತಿ ಕುಂತ್ರ ಬಂದ ಬಿಡ್ತೈತಿ. 1932ರ ಸೆಪ್ಟೆಂಬರ್ 20ಕ್ಕ ಅಲ್ಲೇ ಗಾಂಧೀಜಿ ಉಪವಾಸ ಕುಂತ್ರು, ದಲಿತರಿಗೆ ಬ್ಯಾರೆ ಮತಕ್ಷೇತ್ರ (ದಲಿತರಷ್ಟ ಓಟು ಹಾಕಿ ತಮ್ಮ ಪ್ರತಿನಿಧಿ ಆರಿಸೂದು) ಬ್ಯಾಡ ಅಂತ, 24ಕ್ಕ ಪೂನಾ ಒಪ್ಪಂದ ಆತು, ಬ್ಯಾರೆ ಮತಕ್ಷೇತ್ರ ಹೋಗಿ ಪ್ರಾಂತ್ಯಗಳ ಶಾಸನಸಭೆಗಳಾಗ 148 ಮೀಸಲು ಸೀಟು ಬಂದ್ವು, ಅಂಬೇಡ್ಕರ್ ಮನಸ್ಸಿಲ್ಲದ ಮನಸ್ಸಿಲೆ ಸಹಿ ಮಾಡಿದ್ರು. ಗಾಂಧೀಜಿಗೆ ಎದುರು ನಿಂತು ಇಲ್ಲ ಅಂದ ಅಷ್ಟು ದೊಡ್ಡ ಮನಷ್ಯಾನ್ನ ತಗದ ಬಿಟ್ರ ಉಳಿಯೂ ಗಾಂಧೀಜಿ ಪೂರ್ತಿ ಗಾಂಧೀಜಿ ಹೆಂಗ ಆಗ್ತಾರ? ಎದುರಾಳಿ ಅಂತ ಜಿನ್ನಾ ಒಬ್ರನ್ನ ಇಟ್ಟಾರ, ಅವರನ್ನೂ ಬರೇ ಮುಖ ಗಂಟು ಹಾಕ್ಕೊಂಡ ಮನಷ್ಯಾ ಮಾಡ್ಯಾರ. ಒಬ್ಬರ ಇಡೀ ಜೀವನ ಒಂದ ಸಿನಿಮಾದಾಗ ಹಿಡಿಸೂದಿಲ್ಲ ಅಂತ ಶುರುವಿನ್ಯಾಗ ಬರದು ತೋರಸ್ತಾರ, ಖರೆ, ಆದ್ರ ಅಂತ್ಯಯಾತ್ರೆಗೆ ಸುಮಾರು 3 ಲಕ್ಷ ಮಂದಿನ್ನ ಕೂಡಿಸಿದವರಿಗೆ ಯೆರವಡಾದ ಒಂದು ಖೋಲಿಗೆ ಹತ್ತು ನಿಮಿಷ ಸಿಗಲಿಲ್ಲ ಅಂದ್ರ ನನಗ ಒಪ್ಪಾಕ ಆಗಂಗಿಲ್ಲ.

ಐದಕ್ಕ ನಾಲ್ಕು ಸ್ಟಾರ್. ಡಿವಿಡಿ ಸಿಕ್ರ ತಗೋರಿ, ಮನ್ಯಾಗ ಹಿರಿಯಾರ ಜೋಡಿ ನೋಡ್ರಿ, ಅದರ ಬೆನ್ನಿಗೇ ಜಬ್ಬಾರ್ ಪಟೇಲ್ ಮಾಡಿದ ಅಂಬೇಡ್ಕರ್ ಸಿನಿಮಾನೂ ನೋಡ್ರಿ, ಮಮ್ಮುಟ್ಟಿ ಅಂಬೇಡ್ಕರ್ ಆಗ್ಯಾರ. ನಾವು ಬರೂ ಶನಿವಾರ ಅದನ್ನ ಹಚ್ಚಾವ್ರು, ಅವ್ವ ಈಗಿಂದನ ಕೇಳಾಕ ಹತ್ತ್ಯಾಳ.