3 ವೋಲ್ಟಿನ ಕಲಿಕೆ ಬೋರ್ಡು: ಕೊಳ್ಳಬಹುದು, ಆದರೆ ಎರಡು ತಿದ್ದುಪಡಿ ಬೇಕು

ಹುಬ್ಬಳ್ಳಿಯ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಸಿಗುವ ಈ ಪ್ಲೈವುಡ್ ಬೋರ್ಡಿನಲ್ಲಿ ಎರಡು ಎಎ ಸೆಲ್ಲು, 2.5 ವೋಲ್ಟಿನ ಟಾರ್ಚ್ ಬಲ್ಬು, ಮನೆಯಲ್ಲಿರುವಂಥದೇ 6 ಆಂಪಿಯರ್ ಸ್ವಿಚ್ಚು, ಫ್ಯೂಸಿಗೊಂದು ಜಾಗ ಇವೆ. ಒಟ್ಟು 3 ವೋಲ್ಟ್, ಬರಿಗೈಲಿ ಮುಟ್ಟಿದರೂ ಶಾಕ್ ಹೊಡೆಯದು.

ಇದರ ಜೀವಾಳ ಫ್ಯೂಸಿನ ಪಾಠ. ಫ್ಯೂಸಿನ ಜಾಗಕ್ಕೆ ಸ್ಟೀಲ್ ವುಲ್‌ನ (ಕೂದಲಿನಂಥ ಉಕ್ಕಿನ ಎಳೆಗಳ ಉಂಡೆಯ) ಒಂದೇ ಒಂದು ತೆಳು ಎಳೆ ಸಿಕ್ಕಿಸಿ, ಬಲ್ಬಿನ ಎರಡೂ ತುದಿಗೆ ಒಂದೇ ವೈರು ತಾಗಿಸಿ ಶಾರ್ಟ್ ಮಾಡಿದರೆ ಎಳೆ ಕೆಂಪಗಾಗಿ ತುಂಡಾಗುತ್ತದೆ. ಇದನ್ನು ಹಿರಿಯರೇ ಮಾಡಿ ತೋರಿಸಬೇಕು. ಹಲವು ಎಳೆ ಒಟ್ಟಿಗೆ ಹೊಸೆದು ದಪ್ಪ ಮಾಡಿದರೆ ಅದು ಕಡಿಯದೆ ಸೆಲ್ಲೇ ಬಿಸಿಯಾಗುತ್ತದೆ. ಫ್ಯೂಸಿಗೆ ದಪ್ಪ ತಂತಿ ಕಟ್ಟುವುದು ಏಕೆ ತಪ್ಪು ಎಂದು ಮಗುವಿಗೆ ಇದಕ್ಕಿಂತ ಚೆನ್ನಾಗಿ ಹೇಳಲಾಗದು.

ದೋಷ ಎರಡು. ಸ್ವಿಚ್ಚನ್ನು ಕೆಂಪು ವೈರಿನ ಬದಲು ಕಪ್ಪು ವೈರಿಗೆ ಹಾಕಿದ್ದಾರೆ. ಬಲ್ಬೇನೋ ಆರುತ್ತದೆ, ಆದರೆ ಮನೆಯಲ್ಲಿ ಹೀಗೆ ನ್ಯೂಟ್ರಲ್‌ಗೆ (ಕರೆಂಟು ಮರಳುವ ಕಪ್ಪು ವೈರಿಗೆ) ಸ್ವಿಚ್ಚು ಹಾಕಿದರೆ, ಆಫ್ ಮಾಡಿದರೂ ಹೋಲ್ಡರಿನಲ್ಲಿ 230 ವೋಲ್ಟ್ ಉಳಿದೇ ಇರುತ್ತದೆ. ಸ್ಕ್ರೂ ಬಿಚ್ಚಿ ಬದಲಿಸಿ. ಇನ್ನೊಂದು ಗಂಭೀರ: ಅಂದಕ್ಕೆಂದು ಮೂರು ಪಿನ್ನಿನ ಪ್ಲಗ್ಗನ್ನು ವೈರು ಸಮೇತ ಜೋಡಿಸಿದ್ದಾರೆ. ಮಗು ಅದನ್ನು ಗೋಡೆಯ ಸಾಕೆಟ್ಟಿಗೆ ತುರುಕದೆ ಬಿಡುವುದಿಲ್ಲ. ಕೈಗೆ ಕೊಡುವ ಮೊದಲೇ ಕತ್ತರಿಸಿ ತೆಗೆಯಿರಿ.